ವ್ಯಾಪಾರದ ಮೇಲ್ ಕಡತ: ತಂತ್ರಾಂಶವನ್ನು ಆರಿಸುವ ಬಗೆ

ಹಿಂದೆ ನಮ್ಮ ಸೀಮೆಯ ಶಾನುಭೋಗರ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ‘ಕಡತ’ವೆಂಬ ಕರಿಯ ಪುಸ್ತಕವಿರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಸಿ ಮಾಡಿದ ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಜೋಪಾನ ಮಾಡಿದರೆ ಬರಹ ತಲೆಮಾರುಗಳ ಕಾಲ ಉಳಿಯುತ್ತಿತ್ತು. ಒದ್ದೆ ಬಟ್ಟೆಯಿಂದ ಒರಸಿದರೆ ಕ್ಷಣದಲ್ಲಿ ಮಾಯವಾಗುತ್ತಿತ್ತು. ಆದ್ದರಿಂದ ಕಡತದ ಬೆಲೆಯೆಲ್ಲ ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಈಗ ಕಚೇರಿಗಳಲ್ಲಿ ಕಡತವೆಂದರೆ ಕಾಗದದ ಫೈಲು. ವ್ಯಾಪಾರಿಗಳ ಪತ್ರವ್ಯವಹಾರವಂತೂ ಕಾಗದವನ್ನೂ ಬಿಟ್ಟು ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಪಂಡಿತರು ಇದನ್ನು ಮಿಂಚಂಚೆ ಎನ್ನುತ್ತಾರೆ. ಪೇಟೆಯಲ್ಲಿ ಎಲ್ಲರೂ ‘ಮೇಲ್’ ಎನ್ನುತ್ತಾರೆ. ನಾನೂ ಪೇಟೆಯ ಮಾತನ್ನೇ ಬಳಸುತ್ತೇನೆ. ಈ ಮೇಲ್‌ಗಳಿಗೂ ಹಳೆಯ ಕಡತದ ಗುಣವೇ ಇದೆ. ಇಟ್ಟರೆ ಇರುತ್ತವೆ, ಒರಸಿದರೆ ಹೋಗುತ್ತವೆ.

ಕಲಾ ಕಾಲೇಜಿನ ಪತ್ರಿಕೆಗೆ ಇದೆಂಥ ವಿಷಯವೆಂದು ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ನಮ್ಮಲ್ಲಿ ಬಿ.ಎ. ಮುಗಿಸಿದವರಲ್ಲಿ ಎಷ್ಟೋ ಮಂದಿ ಕೊನೆಗೆ ಹೋಗಿ ಕುಳಿತುಕೊಳ್ಳುವುದು ಎಲ್ಲಿ? ಚನ್ನಪಟ್ಟಣದ ಬೊಂಬೆ ಕಾರ್ಖಾನೆಯ ಕಚೇರಿಯಲ್ಲಿ, ರಾಮನಗರದ ರೇಷ್ಮೆ ನೂಲಿನ ವ್ಯಾಪಾರಿಯ ಬಳಿ, ಕನಕಪುರದ ಕಲ್ಲಿನ ಉದ್ಯಮದಲ್ಲಿ, ಇಲ್ಲವೆ ಮಾಗಡಿಯಿಂದ ದಿನವೂ ಬಸ್ಸು ಹಿಡಿದು ಬಿಡದಿಯ ಯಾವುದಾದರೊಂದು ಬಿಡಿಭಾಗಗಳ ಘಟಕದಲ್ಲಿ. ಅಲ್ಲಿ ಮೊದಲನೆಯ ದಿನವೇ ಯಜಮಾನರು ಕಂಪ್ಯೂಟರನ್ನು ತೋರಿಸಿ, “ಮೇಲ್ ನೋಡಿಕೊಳ್ಳಪ್ಪ” ಎನ್ನುತ್ತಾರೆ. ನೋಡಿಕೊಳ್ಳುವುದೆಂದರೇನು ಎಂದು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನನ್ನ ಸೋದರಮಾವನವರದು ಚನ್ನಪಟ್ಟಣದಲ್ಲಿ ಒಂದು ಸಣ್ಣ ಬೊಂಬೆ ಕಾರ್ಖಾನೆ. ಹಾಲೆ ಮರವನ್ನು ಕಡೆದು, ಬಣ್ಣದ ಅರಗನ್ನು ಹಿಡಿದು, ಮಕ್ಕಳ ಆಟದ ಸಾಮಾನುಗಳನ್ನು ಮಾಡುತ್ತಾರೆ. ಸರಕಿನ ಒಂದು ಪಾಲು ಹೊರದೇಶಕ್ಕೆ ಹೋಗುತ್ತದೆ. ಹೋದ ವರ್ಷ ಅವರು ಕಳಿಸಿದ ಒಂದು ಲೋಡಿನ ಬಗ್ಗೆ ಆ ಕಡೆಯ ಖರೀದಿದಾರರು ತಗಾದೆ ತೆಗೆದರು. ಒಪ್ಪಿದ ಮಾದರಿಯ ಕೆಂಪೇ ಬೇರೆ, ಬಂದ ಕೆಂಪೇ ಬೇರೆ ಎಂಬುದು ತಗಾದೆ. ಬಣ್ಣವನ್ನು ಗಾಢ ಮಾಡಿರೆಂದು ಅವರೇ ಮೇಲ್ ಬರೆದಿದ್ದರೆಂಬುದು ಮಾವನವರಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದು ಏನು ಪ್ರಯೋಜನ? ಆ ಮೇಲ್ ಬಂದದ್ದು ಗುಮಾಸ್ತರ ಸ್ವಂತ ಹೆಸರಿನ ಉಚಿತ ಖಾತೆಗೆ. ಅವರು ಕೆಲಸ ಬಿಟ್ಟು ಬೆಂಗಳೂರು ಸೇರಿದ್ದರು. ವಿಚಾರಿಸಿದಾಗ, “ಜಾಗ ತುಂಬಿತ್ತು ಸಾರ್, ಹಳೆಯದನ್ನೆಲ್ಲ ಅಳಿಸಿದೆ” ಎಂದರು. ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಖರೀದಿದಾರರ ಕಡೆಯ ಹೊಸ ನೌಕರರು ತಮ್ಮಲ್ಲಿಯೂ ಅಂಥ ಪತ್ರ ಸಿಕ್ಕಲಿಲ್ಲವೆಂದು ಬರೆದರು. ಮಾವನವರು ಬೆಲೆಯಲ್ಲಿ ಸೋಡಿ ಬಿಟ್ಟು ವ್ಯವಹಾರ ಮುಗಿಸಿದರು. ಆ ತಿಂಗಳು ಚರಕಿಯ ಕೆಲಸದವರಿಗೆ ಬಟವಾಡೆ ಹದಿನೈದು ದಿನ ತಡವಾಯಿತು.

ಆಮೇಲೆ ಅವರು ನನ್ನನ್ನು ಕರೆಸಿ, “ಅಲ್ಲಯ್ಯಾ, ಓದಿದೋನು ನೀನು. ಬಂದ ಕಾಗದ ಅಳಿಸಿ ಹೋಗದ ಹಾಗೆ ಒಂದು ಸಾಫ್ಟ್‌ವೇರು ಇದೆಯಂತೆ, ಯಾವುದು ತಗೋಬೇಕು ಹೇಳು” ಎಂದರು. ನಾನು ಓದಿದ್ದು ಇತಿಹಾಸ. ಆದರೂ ಪತ್ರಾಗಾರವೆಂದರೆ ಏನೆಂಬುದು ಇತಿಹಾಸದ ವಿದ್ಯಾರ್ಥಿಗೆ ತಿಳಿಯದ ಸಂಗತಿಯಲ್ಲ. ಎರಡು ತಿಂಗಳು ವಿಚಾರಿಸಿ, ಓದಿ, ಒಂದೆರಡನ್ನು ಬಳಸಿ ನೋಡಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಟ್ಟಮೊದಲು ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಅನೇಕರು “ನಮ್ಮಲ್ಲಿ ಬ್ಯಾಕಪ್ ಇದೆ” ಎಂದು ನಿಶ್ಚಿಂತರಾಗಿರುತ್ತಾರೆ. ಬ್ಯಾಕಪ್ ಎಂಬುದು ನೆನ್ನೆ ರಾತ್ರಿ ಕಂಪ್ಯೂಟರು ಹೇಗಿತ್ತೋ ಹಾಗೆ ತೆಗೆದಿಟ್ಟ ಪ್ರತಿ. ಯಂತ್ರ ಕೆಟ್ಟರೆ ಅದರಿಂದ ಮತ್ತೆ ತುಂಬಿಕೊಳ್ಳಬಹುದು. ಆದರೆ ಬೆಳಗ್ಗೆ ಬಂದ ಮೇಲನ್ನು ಮಧ್ಯಾಹ್ನ ಅಳಿಸಿದರೆ ರಾತ್ರಿಯ ಬ್ಯಾಕಪ್ಪಿನಲ್ಲಿ ಅದು ಇರುವುದೇ ಇಲ್ಲ. ಹಳೆಯ ಬ್ಯಾಕಪ್ಪುಗಳನ್ನು ಕೆಲವು ವಾರಗಳಿಗೊಮ್ಮೆ ಹೊಸದರಿಂದ ಮುಚ್ಚುವುದು ವಾಡಿಕೆಯಾದ್ದರಿಂದ, ಎರಡು ವರ್ಷದ ಹಿಂದಿನ ಕಾಗದವನ್ನು ಅಲ್ಲಿ ಹುಡುಕುವುದು ವ್ಯರ್ಥ. ಪತ್ರಾಗಾರದ ತಂತ್ರಾಂಶ ಮಾಡುವ ಕೆಲಸವೇ ಬೇರೆ. ಬಂದ ಮತ್ತು ಹೋದ ಪ್ರತಿಯೊಂದು ಮೇಲನ್ನೂ ಒಂದೊಂದಾಗಿ ಪ್ರತಿಮಾಡಿ, ಪಟ್ಟಿಗೆ ಸೇರಿಸಿ, ಗುಮಾಸ್ತನೂ ಯಜಮಾನನೂ ತಿದ್ದಲಾಗದಂತೆ ಇಟ್ಟು, ಕೇಳಿದಾಗ ಹುಡುಕಿ ಕೊಡುವುದು ಅದರ ಕೆಲಸ. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಇಂಥ ತಂತ್ರಾಂಶಗಳನ್ನು ಮಾರುವವರು ತಮ್ಮ ಸರಕಿನಲ್ಲಿ ಇಂತಿಷ್ಟು ಸೌಲಭ್ಯಗಳಿವೆಯೆಂದು ಉದ್ದನೆಯ ಪಟ್ಟಿ ಕೊಡುತ್ತಾರೆ. ಅದನ್ನು ಓದಿ ತಲೆ ಕೆಡಿಸಿಕೊಳ್ಳುವ ಮೊದಲು ನಮ್ಮ ಕಾನೂನನ್ನೇ ನೋಡುವುದು ಸುಲಭವೆಂದು ನನಗೆ ತೋರಿತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೇ ಕಲಮು ವಿದ್ಯುನ್ಮಾನ ದಾಖಲೆಗಳನ್ನು ಹೇಗೆ ಕಾಯ್ದಿಡಬೇಕೆಂಬುದನ್ನು ಹೇಳುತ್ತದೆ. ಮುಂದೆ ನೋಡಬೇಕಾದಾಗ ಅವು ಕೈಗೆ ಸಿಕ್ಕುವಂತಿರಬೇಕು. ಹುಟ್ಟಿದ, ಕಳಿಸಿದ ಅಥವಾ ಬಂದ ರೂಪದಲ್ಲಿಯೇ ಇರಬೇಕು, ಇಲ್ಲವೆ ಆ ರೂಪವನ್ನು ಯಥಾವತ್ತಾಗಿ ತೋರಿಸುವಂತಿರಬೇಕು. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಯಾವ ದಿನ ಯಾವ ವೇಳೆಗೆ ಎಂಬ ವಿವರಗಳೂ ಜೊತೆಗಿರಬೇಕು. ಇಷ್ಟೇ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಇದು ಹೊಸತಲ್ಲ. ಗೂಡು ಮಾರಿದ ರೈತನ ಕೈಗೆ ಬರುವ ಚೀಟಿಯಲ್ಲಿ ಲಾಟಿನ ನಂಬರು, ತೂಕ, ದರ, ಕೊಂಡವರು, ದಿನ ಇವೆಲ್ಲ ಇಲ್ಲದಿದ್ದರೆ ಅದು ಯಾವ ಚೀಟಿ? ಮೇಲನ್ನು ಕಾಗದದ ಮೇಲೆ ಅಚ್ಚು ತೆಗೆದು ಫೈಲಿನಲ್ಲಿ ಚುಚ್ಚಿಡುವ ನಮ್ಮ ಅಭ್ಯಾಸ ಇಲ್ಲಿಯೇ ಸೋಲುತ್ತದೆ. ಮೇಲ್ ಯಾವ ಯಾವ ಯಂತ್ರಗಳನ್ನು ಹಾದು ಬಂತೆಂಬ ತಲೆಬರಹದ ಸಾಲುಗಳು ಅಚ್ಚಿನಲ್ಲಿ ಬರುವುದಿಲ್ಲ.

ಮೇಲ್‌ಗೆ ನಿಜವಾಗಿ ಇಷ್ಟು ಬೆಲೆಯುಂಟೆ ಎಂದು ಸಂಶಯಪಡುವವರಿಗೆ ಒಂದು ಮೊಕದ್ದಮೆಯನ್ನು ನೆನಪಿಸಬಹುದು. ಟ್ರೈಮೆಕ್ಸ್ ಎಂಬ ಸಂಸ್ಥೆಗೂ ವೇದಾಂತ ಅಲ್ಯೂಮಿನಿಯಂ ಸಂಸ್ಥೆಗೂ ಬಾಕ್ಸೈಟ್ ಅದಿರಿನ ಸರಬರಾಜಿನ ವಿಷಯದಲ್ಲಿ ವ್ಯಾಜ್ಯವಾಗಿ, 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ರುಜು ಹಾಕಿದ ಕರಾರುಪತ್ರವಿಲ್ಲದಿದ್ದರೂ ಮೇಲ್‌ಗಳ ಮೂಲಕ ನಡೆದ ಕೇಳಿಕೆ ಮತ್ತು ಒಪ್ಪಿಗೆಯಿಂದಲೇ ಕರಾರು ಏರ್ಪಟ್ಟಿದೆ ಎಂಬುದು ಅದರ ಸಾರ. ಆದರೆ ನ್ಯಾಯಾಲಯದ ಮುಂದೆ ಮೇಲನ್ನು ಇಡುವುದಕ್ಕೆ ಕ್ರಮವುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಇಟ್ಟವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ದಾಖಲೆಯ ‘ಹ್ಯಾಶ್’ ಸಂಖ್ಯೆಯನ್ನೂ ಅಲ್ಲಿ ಬರೆಯಬೇಕು. ಹ್ಯಾಶ್ ಎಂದರೆ ಬರಹದಿಂದ ಗಣಿತಕ್ರಮದಿಂದ ತೆಗೆದ ಒಂದು ಗುರುತು. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರಾ ಬೇರೆಯಾಗಿಬಿಡುತ್ತದೆ. ಮೇಲ್ ಒಳಗೆ ಬಂದ ದಿನವೇ ಈ ಗುರುತನ್ನು ಬರೆದಿಟ್ಟುಕೊಳ್ಳುವ ತಂತ್ರಾಂಶವಿದ್ದರೆ, ಅಂದಿನಿಂದ ಇಂದಿನವರೆಗೆ ಯಾರೂ ಕೈಯಾಡಿಸಿಲ್ಲವೆಂದು ತೋರಿಸಬಹುದು. ಬಳಪದ ಬರಹಕ್ಕೆ ಈ ಭಾಗ್ಯವಿರಲಿಲ್ಲ.

ಇನ್ನು ತಂತ್ರಾಂಶ ಮೇಲನ್ನು ಹಿಡಿಯುವ ಬಗೆ. ಇದನ್ನು ಮಾರಾಟಗಾರರು ಬಾಯಿಬಿಟ್ಟು ಹೇಳುವುದು ಕಡಿಮೆ, ನಾವೇ ಕೇಳಬೇಕು. ಕೆಲವು ತಂತ್ರಾಂಶಗಳು ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಪ್ರತಿಯೊಬ್ಬರ ಪೆಟ್ಟಿಗೆಗೆ ಹೋಗಿ ಹೊಸದನ್ನು ಎತ್ತಿಕೊಂಡು ಬರುತ್ತವೆ. ಎರಡು ಭೇಟಿಗಳ ನಡುವೆ ಅಳಿಸಿದ ಮೇಲ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕೆಲವು, ಮೇಲ್ ವ್ಯಕ್ತಿಯ ಪೆಟ್ಟಿಗೆಗೆ ಬೀಳುವ ಮೊದಲೇ, ಸರ್ವರಿನ ಬಾಗಿಲಲ್ಲಿಯೇ ಒಂದು ಪ್ರತಿಯನ್ನು ತೆಗೆದುಕೊಳ್ಳುತ್ತವೆ. ಇದಕ್ಕೆ ‘ಜರ್ನಲಿಂಗ್’ ಎನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಟಪಾಲು ಮೊದಲು ಇನ್‌ವರ್ಡು ರಿಜಿಸ್ಟರಿಗೆ ಏರಿ ಆಮೇಲೆ ಮೇಜಿಗೆ ಹೋಗುವಂತೆಯೇ ಇದು. ವ್ಯಾಜ್ಯಕ್ಕೆ ನಿಲ್ಲುವುದು ಇದೇ. ಆದರೆ ಇದಕ್ಕೆ ಸಂಸ್ಥೆಗೆ ತನ್ನದೇ ಹೆಸರಿನ ಮೇಲ್ ವಿಳಾಸವಿರಬೇಕು. ನಮ್ಮ ಮಾವನವರ ಹಾಗೆ ಗುಮಾಸ್ತರ ಉಚಿತ ಖಾತೆಯಲ್ಲಿ ವ್ಯಾಪಾರ ನಡೆಸುವವರು ತಂತ್ರಾಂಶದ ಮಾತೆತ್ತುವ ಮೊದಲು ಈ ಒಂದು ಕೆಲಸವನ್ನು ಮಾಡಿಕೊಳ್ಳಬೇಕು. ವಾಟ್ಸಾಪಿನಲ್ಲಿ ಒಪ್ಪಿದ ಮಾತೂ ಈ ಬಲೆಗೆ ಬೀಳುವುದಿಲ್ಲ. ನಮ್ಮ ಪೇಟೆಯಲ್ಲಿ ಅರ್ಧ ವ್ಯಾಪಾರ ಅಲ್ಲಿಯೇ ನಡೆಯುತ್ತದಲ್ಲವೆ? ಅಂಥ ಮಾತು ಮುಗಿದ ಕೂಡಲೇ “ಇಂದು ಫೋನಿನಲ್ಲಿ ಒಪ್ಪಿದಂತೆ” ಎಂದು ಮೊದಲಿಟ್ಟು ಎರಡು ಸಾಲಿನ ಮೇಲ್ ಹಾಕುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಮೇಲು.

ಹುಡುಕುವ ಶಕ್ತಿಯ ವಿಚಾರದಲ್ಲಿ ನಮ್ಮ ಊರುಗಳಿಗೆ ವಿಶೇಷವಾದ ಒಂದು ತೊಡಕಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಕೊನೆಗೆ ಒಂದು ‘ಎಂ’ ಸೇರಿಸಿ ರಾಮನಗರಂ ಎಂದು ಬರೆಯುವವರು ಇಂದಿಗೂ ಇದ್ದಾರೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಚನ್ನಪಟ್ಟಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂಬುದನ್ನು ಬಸ್ಸುಗಳ ಬೋರ್ಡು ನೋಡಿದರೆ ಸಾಕು. ವಿಳಾಸದಿಂದ ಮೇಲ್ ಹುಡುಕುವವನಿಗೆ ಈ ಒಂದೊಂದು ರೂಪವೂ ಬೇರೆ ಬೇರೆ ಊರು. ಆದ್ದರಿಂದ ಅಕ್ಷರ ಹೆಚ್ಚುಕಡಿಮೆಯಾದರೂ ಹತ್ತಿರದ ಪದವನ್ನು ಹಿಡಿಯಬಲ್ಲ ತಂತ್ರಾಂಶವೇ ನಮಗೆ ತಕ್ಕದ್ದು. ಕನ್ನಡ ಲಿಪಿಯಲ್ಲಿ ಬರೆದ ಮೇಲನ್ನು ಅದು ಹುಡುಕುತ್ತದೆಯೇ? ಜೊತೆಗೆ ಕಳಿಸಿದ ಪಿ.ಡಿ.ಎಫ್. ಮತ್ತು ಎಕ್ಸೆಲ್ ಹಾಳೆಗಳ ಒಳಗಿನ ಮಾತನ್ನು ಓದುತ್ತದೆಯೇ? ಸ್ಕ್ಯಾನ್ ಮಾಡಿದ ಬಿಲ್ಲು ಕಂಪ್ಯೂಟರಿನ ದೃಷ್ಟಿಯಲ್ಲಿ ಬರಿಯ ಚಿತ್ರ. ಅಕ್ಷರ ಗುರುತಿಸುವ ವ್ಯವಸ್ಥೆ ಬೇರೆಯಾಗಿ ಇಲ್ಲದಿದ್ದರೆ ಅದರೊಳಗಿನ ಒಂದು ಪದವೂ ಸಿಕ್ಕುವುದಿಲ್ಲ. ಮಾರಾಟಗಾರರು ತೋರಿಸುವ ಪ್ರದರ್ಶನವನ್ನು ನೆಚ್ಚದೆ, ನಮ್ಮದೇ ಹಳೆಯ ಮೇಲ್‌ಗಳನ್ನು ತುಂಬಿಸಿ ಪರೀಕ್ಷಿಸಬೇಕು.

ಎಲ್ಲಿ ಇಡುವುದೆಂಬುದು ಮುಂದಿನ ಪ್ರಶ್ನೆ. ಮೇಲ್ ಸೇವೆ ಕೊಡುವವರ ಬಳಿಯೇ ಇಡುವುದು ಒಂದು ದಾರಿ. ಗೂಗಲ್ ಸಂಸ್ಥೆ 2012ರಿಂದ ‘ವಾಲ್ಟ್’ ಎಂಬ ವ್ಯವಸ್ಥೆಯನ್ನು ಕೊಡುತ್ತಿದೆ. ಮೈಕ್ರೋಸಾಫ್ಟಿನದೂ ನಮ್ಮ ನೆರೆಯ ತಮಿಳುನಾಡಿನ ಜೋಹೋ ಸಂಸ್ಥೆಯದೂ ಅಂಥವೇ ಇವೆ. ಮನೆಯಲ್ಲಿ ಯಂತ್ರ ಬೇಡ, ಕರೆಂಟು ಹೋಯಿತೆಂಬ ಚಿಂತೆ ಬೇಡ. ಆದರೆ ಕೆಳದರ್ಜೆಯ ಚಂದಾಗಳಲ್ಲಿ ವಾಲ್ಟ್ ಸೇರಿರುವುದಿಲ್ಲ. ಅಲ್ಲದೆ ಅದು ಪ್ರತ್ಯೇಕ ಪ್ರತಿಯನ್ನು ಮಾಡುವುದಿಲ್ಲ. ಇದ್ದಲ್ಲಿಯೇ ಮೇಲನ್ನು ಅಳಿಯದಂತೆ ಹಿಡಿದಿಡುತ್ತದೆ. ನೌಕರ ಬಿಟ್ಟುಹೋದನೆಂದು ಚಂದಾ ಉಳಿಸಲು ಅವನ ಖಾತೆಯನ್ನೇ ತೆಗೆದುಹಾಕಿದರೆ ವಾಲ್ಟಿನಲ್ಲಿದ್ದ ಅವನ ಮೇಲ್‌ಗಳೂ ಹೋಗುತ್ತವೆ. ಎಷ್ಟು ದಿನ ಇಡಬೇಕೆಂಬ ನಿಯಮವನ್ನು ತಪ್ಪಾಗಿ ಬರೆದರೆ ಹಳೆಯದೆಲ್ಲ ಒಮ್ಮೆಲೇ, ಮರಳಿ ಬಾರದಂತೆ ಅಳಿಸಿಹೋಗುವುದೂ ಉಂಟು. ಹಣ ಉಳಿಸಿದೆನೆಂದು ಹಿಗ್ಗುವ ಯಜಮಾನರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಇನ್ನೊಂದು ದಾರಿ, ನಮ್ಮ ಯಂತ್ರದಲ್ಲಿ ನಾವೇ ಇಟ್ಟುಕೊಳ್ಳುವುದು. ಜರ್ಮನಿಯ ಮೇಲ್‌ಸ್ಟೋರ್ ಇಂಥದು. ಸ್ವಂತ ಉಪಯೋಗಕ್ಕೆಂದು ಅದರ ಒಂದು ಉಚಿತ ರೂಪವೂ ಇರುವುದರಿಂದ ವಿದ್ಯಾರ್ಥಿಗಳು ತಮ್ಮ ಮೇಲ್‌ಗಳ ಮೇಲೆ ಪ್ರಯೋಗ ಮಾಡಿ ನೋಡಬಹುದು. ಪೈಲರ್ ಎಂಬ ಮುಕ್ತ ತಂತ್ರಾಂಶವೂ ಇದೆ. ಅದು ಲಿನಕ್ಸ್ ಬಲ್ಲವರ ಕೈಗೆ ಮಾತ್ರ ಬಗ್ಗುತ್ತದೆ. ಜಾಗದ ಲೆಕ್ಕ ಹೆದರುವಂಥದೇನಲ್ಲ. ದಿನಕ್ಕೆ 100 ಮೇಲ್, ಚಿತ್ರಗಳೂ ಸೇರಿ ಒಂದೊಂದು ಸರಾಸರಿ 1 ಮೆಗಾಬೈಟ್ ಎಂದಿಟ್ಟುಕೊಂಡರೆ, ವರ್ಷಕ್ಕೆ 300 ಕೆಲಸದ ದಿನಗಳಲ್ಲಿ ಸುಮಾರು 30 ಗಿಗಾಬೈಟ್. 8 ವರ್ಷಕ್ಕೆ 240. ಒಂದೇ ಲಗತ್ತು ಹತ್ತು ಮಂದಿಗೆ ಹೋಗಿದ್ದರೂ ಒಂದೇ ಪ್ರತಿಯನ್ನು ಇಡುವ ತಂತ್ರಾಂಶದಲ್ಲಿ ಇದು ಇನ್ನೂ ಇಳಿಯುತ್ತದೆ. ಅಂಗೈಯಗಲದ ಡಿಸ್ಕಿನಲ್ಲಿ ಇಷ್ಟೂ ಹಿಡಿಯುತ್ತದೆ. ಕಷ್ಟವಿರುವುದು ಡಿಸ್ಕನ್ನು ನೋಡಿಕೊಳ್ಳುವ ಮನುಷ್ಯನನ್ನು ಹುಡುಕುವುದರಲ್ಲಿ. ಪತ್ರಾಗಾರಕ್ಕೂ ಬ್ಯಾಕಪ್ ಬೇಕು, ಅದು ಬೇರೆ ಕಟ್ಟಡದಲ್ಲಿರಬೇಕು. ಮರದ ಹೊಟ್ಟೂ ಅರಗೂ ಇರುವ ಕಾರ್ಖಾನೆಯಲ್ಲಿ ಬೆಂಕಿಯ ಮಾತು ಬರಿಯ ಊಹೆಯಲ್ಲ. ಮೈಮ್‌ಕಾಸ್ಟ್, ಬಾರಕುಡಾ ಮುಂತಾದ ಮೂರನೆಯವರ ಬಳಿ ಇಡುವ ದಾರಿಯೂ ಉಂಟು. ಅವು ದೊಡ್ಡ ಸಂಸ್ಥೆಗಳಿಗೆ ಒಪ್ಪುವಂಥವು.

ಎಷ್ಟು ವರ್ಷ ಇಡಬೇಕು? ಕರಾರಿನ ದಾವೆಗೆ 1963ರ ಪರಿಮಿತಿ ಅಧಿನಿಯಮದಲ್ಲಿ ಸಾಮಾನ್ಯವಾಗಿ 3 ವರ್ಷದ ಗಡುವಿದೆ. ಜಿ.ಎಸ್.ಟಿ. ಕಾನೂನು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕೆನ್ನುತ್ತದೆ. ಕಂಪನಿಯಾಗಿ ನೋಂದಾಯಿಸಿದವರಿಗೆ 2013ರ ಕಂಪನಿಗಳ ಅಧಿನಿಯಮ 8 ಆರ್ಥಿಕ ವರ್ಷವೆಂದು ವಿಧಿಸುತ್ತದೆ. ಈ ಎರಡು ಕಾನೂನುಗಳು ಹೇಳುವುದು ಲೆಕ್ಕಪತ್ರದ ವಿಚಾರವನ್ನೇ ಆದರೂ, ಬಿಲ್ಲುಗಳೂ ಆರ್ಡರುಗಳೂ ಮೇಲಿನಲ್ಲಿಯೇ ಬರುವುದರಿಂದ ಎಂಟು ವರ್ಷವೆಂದು ಇಟ್ಟುಕೊಂಡರೆ ಕ್ಷೇಮ. ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಇಟ್ಟುಬಿಡೋಣವೆಂದು ನಮ್ಮ ಮಾವನವರು ಹೇಳಿದರು. ನನಗೆ ಅದು ಒಪ್ಪಲಿಲ್ಲ. ಅಮೆರಿಕದ ಎನ್ರಾನ್ ಕಂಪನಿ 2001ರಲ್ಲಿ ಮುರಿದುಬಿದ್ದ ಬಳಿಕ, 2003ರಲ್ಲಿ ಅಲ್ಲಿನ ಸರ್ಕಾರದ ಇಂಧನ ನಿಯಂತ್ರಣ ಆಯೋಗವು ಸುಮಾರು 150 ಮಂದಿ ನೌಕರರ ಲಕ್ಷಗಟ್ಟಲೆ ಮೇಲ್‌ಗಳನ್ನು ಬಹಿರಂಗಪಡಿಸಿತು. ಮೋಸದ ಸುಳಿವಿನ ಜೊತೆಗೆ ಏನೂ ತಪ್ಪು ಮಾಡದ ಗುಮಾಸ್ತರ ಮನೆಯ ಮಾತುಗಳೂ ಲೋಕದ ಮುಂದೆ ಬಿದ್ದವು. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಉದ್ದೇಶ ತೀರಿದ ವೈಯಕ್ತಿಕ ವಿವರಗಳನ್ನು ಅಳಿಸಬೇಕೆನ್ನುತ್ತದೆ. ಆದುದರಿಂದ ಅವಧಿ ಮುಗಿದದ್ದನ್ನು ನಿಯಮದಂತೆ ಅಳಿಸುವ, ಆದರೆ ವ್ಯಾಜ್ಯ ನಡೆಯುತ್ತಿರುವ ಮೇಲ್‌ಗಳನ್ನು ಮಾತ್ರ ತಡೆದು ಹಿಡಿಯುವ ಶಕ್ತಿ ತಂತ್ರಾಂಶಕ್ಕಿರಬೇಕು. ಯಾರು ಯಾರ ಮೇಲನ್ನು ತೆರೆದು ನೋಡಿದರೆಂಬುದನ್ನೂ ಅದು ಬರೆದಿಡಬೇಕು. ಯಜಮಾನರು ಗುಮಾಸ್ತೆಯ ಪತ್ರಗಳನ್ನು ಹೊತ್ತು ಹೋಗದೆ ಓದುವಂತಾದರೆ ಪತ್ರಾಗಾರವೇ ಒಂದು ಪೀಡೆ. ಮೇಲ್‌ಗಳನ್ನು ಇಡಲಾಗುತ್ತಿದೆಯೆಂದು ಕೆಲಸದವರಿಗೆ ಮೊದಲೇ ಬರಹದಲ್ಲಿ ತಿಳಿಸುವುದು ನ್ಯಾಯ.

ಕೊನೆಯದಾಗಿ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾಗಿ, ಹೊರಗೆ ಬರುವ ದಾರಿ. ಎಂಟು ವರ್ಷ ಬಹಳ ದೀರ್ಘವಾದ ಕಾಲ. ಅಷ್ಟರಲ್ಲಿ ತಂತ್ರಾಂಶದ ಕಂಪನಿ ಮುಚ್ಚಬಹುದು, ಇನ್ನೊಬ್ಬರು ಕೊಳ್ಳಬಹುದು, ಚಂದಾ ಎರಡರಷ್ಟಾಗಬಹುದು. ಆ ದಿನ ನಮ್ಮ ಮೇಲ್‌ಗಳನ್ನೆಲ್ಲ ಇ.ಎಂ.ಎಲ್. ಅಥವಾ ಎಂ.ಬಾಕ್ಸ್ ಎಂಬ, ಯಾವ ತಂತ್ರಾಂಶ ಬೇಕಾದರೂ ಓದಬಲ್ಲ ರೂಪದಲ್ಲಿ ಒಟ್ಟಿಗೆ ಹೊರತೆಗೆದುಕೊಳ್ಳಲು ಆಗುತ್ತದೆಯೇ? ಎಷ್ಟು ದಿನ ಹಿಡಿಯುತ್ತದೆ, ಅದಕ್ಕೆ ಬೇರೆ ಹಣವೇ? ಹಾಕುವಾಗ ಎಲ್ಲ ತಂತ್ರಾಂಶಗಳೂ ಉದಾರಿಗಳೇ. ತೆಗೆಯುವಾಗ ಹೇಗೆಂಬುದನ್ನು ಕೊಳ್ಳುವ ಮೊದಲೇ ಮಾಡಿಸಿ ನೋಡಬೇಕು. ಬಾಯಿಮಾತಿನ ಉತ್ತರ ಸಾಲದು.

ನಾವು ಮಾಡಿದ್ದು ಇಷ್ಟು. ಕಾರ್ಖಾನೆಯ ಹೆಸರಿನಲ್ಲಿ ವಿಳಾಸ ಮಾಡಿಸಿ, ಆರ್ಡರಿಗೆ ಒಂದು, ಲೆಕ್ಕಕ್ಕೆ ಒಂದು, ಹೀಗೆ ಹುದ್ದೆಯ ಹೆಸರಿನ ಪೆಟ್ಟಿಗೆಗಳನ್ನು ಇಟ್ಟೆವು. ಏಳು ಮಂದಿಯ ಕಚೇರಿಗೆ ಸ್ವಂತ ಯಂತ್ರದ ದಾರಿಯನ್ನೇ ಹಿಡಿದು, ಜರ್ನಲಿಂಗ್ ಹಾಕಿಸಿದೆವು. ಪ್ರತಿ ಶನಿವಾರ ಒಂದು ಡಿಸ್ಕು ಮಾವನವರ ಜೊತೆ ಮನೆಗೆ ಹೋಗುತ್ತದೆ. ಹಣ ಕೊಡುವ ಮೊದಲು, ತಿಂಗಳ ಪರೀಕ್ಷಾವಧಿಯಲ್ಲಿ, ಅಳಿದುಳಿದ ಹಳೆಯ ಮೇಲ್‌ಗಳನ್ನೆಲ್ಲ ತುಂಬಿಸಿ ಮಾವನವರನ್ನೇ ಕೂರಿಸಿದೆ. ಅವರು ನೆನಪಿನಿಂದ ಮೂರು ಪತ್ರಗಳನ್ನು ಕೇಳಿದರು. ಖರೀದಿದಾರರ ಹೆಸರಿನಿಂದ ಒಂದು ಸಿಕ್ಕಿತು. ಬಣ್ಣದ ಪರೀಕ್ಷೆಯ ವರದಿ, ಚನ್ನಪಟ್ಟಣದ ಅಕ್ಷರ ತಪ್ಪಿದ್ದರೂ, ಎರಡನೆಯ ಸಲಕ್ಕೆ ಸಿಕ್ಕಿತು. ಮೂರನೆಯದು ಮರ ಸರಬರಾಜು ಮಾಡುವವರು ಕೈಯಲ್ಲಿ ಕನ್ನಡದಲ್ಲಿ ಬರೆದು ಫೋಟೋ ಹಿಡಿದು ಕಳಿಸಿದ ದರದ ಪಟ್ಟಿ. ಅದು ಯಾವ ಪದ ಹಾಕಿದರೂ ಬರಲಿಲ್ಲ. ಕೊನೆಗೆ ತಾರೀಖಿನ ಮೇಲೆ ಒಂದೊಂದಾಗಿ ತೆರೆದು ಹುಡುಕಿದೆವು. “ಇದಕ್ಕೇನು ಮಾಡೋಣ?” ಎಂದರು ಮಾವ. ಅಂದಿನಿಂದ ಅಂಥ ಫೋಟೋ ಬಂದ ಕೂಡಲೇ ಗುಮಾಸ್ತೆಯು ಸರಬರಾಜುದಾರರ ಹೆಸರು, ಸರಕು ಮತ್ತು ಆರ್ಡರಿನ ನಂಬರನ್ನು ಮೇಲಿನ ವಿಷಯದ ಸಾಲಿನಲ್ಲಿ ಬರೆದು, ಅದನ್ನು ಆರ್ಡರಿನ ಪೆಟ್ಟಿಗೆಗೆ ಮತ್ತೆ ಕಳಿಸುತ್ತಾರೆ.